"ಈ ಮಕ್ಕಳಿಗೆ ಸ್ವಲ್ಪ ಧೈರ್ಯ ತುಂಬಿ ಮೇಡಂ" ಅನ್ನುವವರಿಗೆ

ನಾನು ವಿಶೇಷ ಶಿಕ್ಷಕಿ. ಅಂಗವೈಕಲ್ಯ ಇರುವ ಮಕ್ಕಳು ತಾಲ್ಲೂಕಿನ ಯಾವ ಹೈಸ್ಕೂಲಿನಲ್ಲಿದ್ದಾರೋ ಅಲ್ಲಿಗೆ ಹೋಗುವುದು ನನ್ನ ಕೆಲಸ. ಹುದ್ದೆಯ ಹೆಸರು ಬಿಐಇಆರ್‌ಟಿ. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಕೇಳಿದವರು ಬಸ್ಸು ಹತ್ತಿರುತ್ತಾರೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಈ ಮಕ್ಕಳಿಗೆ ಯಾಕಿಷ್ಟು ಸಂಕೋಚ? ಸ್ವಲ್ಪ ಧೈರ್ಯ ತುಂಬಬಾರದಾ ಮೇಡಂ?"

ತುಂಬೋಕೆ ಅದೇನು ಸಿಲಿಂಡರಾ?

ಇಷ್ಟು ದಿನ "ನೋಡ್ತೀನಿ ಸರ್" ಅಂತ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಸಾಕಾಗಿದೆ. ಬರೆದೇ ಇಡುತ್ತೇನೆ.

ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ಒಂದು ಶಾಲೆಯಲ್ಲಿ ಶಾಮಿಯಾನ, ಮೈಕು, ಹಾರ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆಯಾಗಿ ಕಟ್ಟುವ ಸಾಧನ, ಕೊಡುವ ಕಾರ್ಯಕ್ರಮ. ಅವಳ ಕಾಲಿನ ಅಳತೆ ತೆಗೆದೇ ಮಾಡಿಸಿದ್ದು, ಬೇರೆ ಯಾರಿಗೂ ಆಗುವುದಿಲ್ಲ, ಸುಮ್ನೆ ಕರೆದು ಕೈಗೆ ಕೊಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಊಹೂಂ, ವೇದಿಕೆ ಮೇಲೇ ಆಗಬೇಕು. ವೇದಿಕೆಗೆ ಮೆಟ್ಟಿಲು ಮಾತ್ರ, ರ‍್ಯಾಂಪ್ ಇಲ್ಲ. ಇಬ್ಬರು ಮೇಷ್ಟ್ರು ತೋಳು ಹಿಡಿದು ಎತ್ತಿದರು, ಎತ್ತುವಾಗ ವೇಲು ಜಾರಿತು, ಅವಳು ಸಿಕ್ಕ ಒಂದು ಕೈಯಲ್ಲಿ ಅದನ್ನೇ ಎದೆಗೆ ಒತ್ತಿ ಹಿಡಿದುಕೊಂಡಳು, ಅಷ್ಟರಲ್ಲಿ ಫೋಟೋದವರು "ಇನ್ನೊಂದ್ಸಲ ಇಸ್ಕೊಳಮ್ಮ, ಈ ಕಡೆ ನೋಡು" ಅಂದರು. ಇಡೀ ಶಾಲೆ ಕೆಳಗೆ ಕೂತಿತ್ತು. ಅವಳ ಕ್ಲಾಸಿನ ಹುಡುಗರೂ.

ಆಮೇಲೆ ಭಾಷಣ. ಎಚ್.ಎನ್. ಗಿರೀಶ ಹಾಸನ ಜಿಲ್ಲೆಯ ಹಳ್ಳಿಯಿಂದ ಹೋಗಿ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ತಂದಿಲ್ವಾ, ನೀನ್ಯಾಕಮ್ಮ ಕುಗ್ಗುತ್ತೀಯ ಅಂತ. ಗಿರೀಶ ಅವರದ್ದು ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ಪಕ್ಕದ ಬೆಂಚಿನ ಹುಡುಗನಿಗೆ "ಉಸೇನ್ ಬೋಲ್ಟ್ ಓಡಲಿಲ್ವಾ, ನಿಂಗೇನಾಗಿದೆ ಧಾಡಿ" ಅಂತ ಯಾರೂ ಅನ್ನುವುದಿಲ್ಲ. ಇವರಿಗೆ ಮಾತ್ರ ತಲೆ ಎತ್ತಿ ನಡೆಯೋಕೂ ಪದಕದ ಲೆಕ್ಕ ಬೇಕು.

ಅತಿಥಿಗಳು ಇಳಿದು ಬಂದು ನನ್ನನ್ನು ಕೇಳಿದರು, "ಹುಡುಗಿ ತಲೆನೇ ಎತ್ತಲಿಲ್ಲ. ಆತ್ಮವಿಶ್ವಾಸ ಕಮ್ಮಿ, ಅಲ್ವಾ?"

ಸ್ವಾಮಿ, ನಿಮ್ಮ ಮಗಳನ್ನು ಹಾಗೆ ಎತ್ತಿ ನಿಲ್ಲಿಸಿದ್ದರೆ ಅವಳು ಒಂದು ವಾರ ಸ್ಕೂಲಿನ ಕಡೆ ಮುಖ ಹಾಕುತ್ತಿರಲಿಲ್ಲ. ಇವಳು ಮಾರನೇ ದಿನ ಬಂದಳು.

ಇನ್ನೊಂದು ಮಾತು. ಹೈಸ್ಕೂಲಿನಲ್ಲಿ ನಾಚಿಕೆ ಇಲ್ಲದವರು ಯಾರಿದ್ದಾರೆ? ಮೊಡವೆ ಮುಚ್ಚಿಕೊಳ್ಳುವವನನ್ನು, ಗಂಟಲು ಒಡೆದು ಬಾಯೇ ಬಿಡದವನನ್ನು ಯಾರೂ ನನ್ನ ಹತ್ತಿರ ಕಳಿಸುವುದಿಲ್ಲ. ನಾನು ಕಂಡ ಹಾಗೆ, ತೊಂದರೆ ಕಮ್ಮಿ ಇರುವ ಮಕ್ಕಳೇ ಜಾಸ್ತಿ ಒದ್ದಾಡುತ್ತಾರೆ, ಯಾಕೆಂದರೆ ಅವರಿಗೆ ಮುಚ್ಚಿಡಲು ಆಗುತ್ತದೆ. ಒಬ್ಬ ಹುಡುಗ ಶಾಲೆಯ ಗೇಟಿನ ಹತ್ತಿರ ಬಂದ ತಕ್ಷಣ ಹಿಯರಿಂಗ್ ಏಡ್ ತೆಗೆದು ಜಾಮಿಟ್ರಿ ಬಾಕ್ಸಿನಲ್ಲಿ ಕೈವಾರದ ಪಕ್ಕ ಇಡುತ್ತಾನೆ. ಪಾಠ ಅರ್ಧ ಕೇಳಿಸುವುದಿಲ್ಲ, ಅದಕ್ಕೇ ಉತ್ತರ ಹೇಳುವುದಿಲ್ಲ. ರಿಪೋರ್ಟಿನಲ್ಲಿ "ಸಂಕೋಚ ಸ್ವಭಾವ" ಅಂತ ಬರೆದಿದ್ದಾರೆ.

ನನ್ನನ್ನು ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ಈ ಮಕ್ಕಳನ್ನು ಯಾವ್ಯಾವುದರಿಂದ ಹೊರಗೆ ಬಿಟ್ಟಿದ್ದೇವೆ?

ಪಿಟಿ ಪೀರಿಯಡ್‌ನಲ್ಲಿ ಬ್ಯಾಗ್ ಕಾಯುವ ಕೆಲಸ. ಟೂರಿಗೆ "ಪಾಪ, ಸುಸ್ತಾಗುತ್ತೆ". ಲೀಡರ್ ಎಲೆಕ್ಷನ್‌ಗೆ ಹೆಸರೇ ಇಲ್ಲ. ಬೈಗುಳದಿಂದಲೂ ಬಿಡುತ್ತಾರೆ, ಅದು ಇನ್ನೂ ಕೆಟ್ಟದ್ದು. ಹೋಮ್‌ವರ್ಕ್ ಮಾಡದವರೆಲ್ಲ ಹೊರಗೆ ಹೋಗಿ ಅಂದಾಗ ಸೆರೆಬ್ರಲ್ ಪಾಲ್ಸಿ ಇರುವ, ಅಂದರೆ ಕೈಕಾಲು ಸರಿಯಾಗಿ ಹಿಡಿತಕ್ಕೆ ಬಾರದ, ಒಬ್ಬ ಹುಡುಗನೂ ಎದ್ದ. "ನೀನು ಕೂತ್ಕೋ ಪುಟ್ಟ" ಅಂದರು. ಹೊರಗಿನವರೆಲ್ಲ ಕಾರಿಡಾರಿನಲ್ಲಿ ನಗುತ್ತಿದ್ದರು, ಇವನು ಅರ್ಧ ಖಾಲಿಯಾದ ಕ್ಲಾಸಿನಲ್ಲಿ ಒಳ್ಳೆಯ ಮಕ್ಕಳ ಜೊತೆ ಕೂತಿದ್ದ. "ಅವತ್ತು ನಾನು ಸುಮ್ನೆ ಬರೆದಿರ್ಲಿಲ್ಲ ಮಿಸ್, ಕೈ ನೋವೇನೂ ಇರ್ಲಿಲ್ಲ" ಅಂತ ನನ್ನ ಹತ್ತಿರ ಹೇಳಿದ. ಸೋಮಾರಿ ಅನ್ನಿಸಿಕೊಳ್ಳುವ ಹಕ್ಕೂ ಇಲ್ಲ ಅವನಿಗೆ.

ಇದೇ ಹುಡುಗ ಎಸ್ಸೆಸ್ಸೆಲ್ಸಿಗೆ ಸ್ಕ್ರೈಬ್ ಬೇಡ ಅಂತ ಹಟ ಹಿಡಿದ. ಬರೆಯುವವರ ಸಹಾಯ, ಹೆಚ್ಚು ಸಮಯ ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇವೆ, ದಯೆ ಅಲ್ಲ. ಎಲ್ಲರೂ "ಕೀಳರಿಮೆ ಮೇಡಂ" ಅಂದರು. ಕೂರಿಸಿ ಕೇಳಿದರೆ ವಿಷಯ ಬೇರೆ. ಸ್ಕ್ರೈಬ್ ಕೆಳಗಿನ ಕ್ಲಾಸಿನವರೇ ಆಗಬೇಕು, ಗೊತ್ತು ಮಾಡಿದ್ದವನು ಇವನ ಬೀದಿಯವನೇ. "ಗಣಿತದಲ್ಲಿ ನಂಗೆ ಏನೇನು ಬರಲ್ಲ ಅಂತ ಅವ್ನಿಗೆ ಗೊತ್ತಾಗುತ್ತೆ. ಸಂಜೆ ಊರಿಗೆಲ್ಲ ಗೊತ್ತಾಗುತ್ತೆ." ಬೇರೆ ಊರಿನ ಹುಡುಗನನ್ನು ಹುಡುಕಿದೆವು. ಹಟ ಅಲ್ಲಿಗೇ ಮುಗಿಯಿತು. ಯಾವ ಧೈರ್ಯವನ್ನೂ ತುಂಬಲಿಲ್ಲ.

ಕ್ಯಾಲಿಪರ್ ಹುಡುಗಿ ಈಗ ಹತ್ತನೇ ಕ್ಲಾಸು. ಕಾಮರ್ಸ್ ತಗೋಬೇಕಂತೆ. ಪಿಯು ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿದೆ. ಕಾಮರ್ಸ್ ಕ್ಲಾಸು ಮೇಲಿನ ಮಹಡಿಯಲ್ಲಿ, ಸ್ಟಾಫ್ ರೂಮು ಕೆಳಗೆ. ಎರಡನ್ನೂ ಅದಲು ಬದಲು ಮಾಡಿ ಅಂತ ಪ್ರಿನ್ಸಿಪಾಲರಿಗೆ ಅವಳೇ ಅರ್ಜಿ ಬರೆಯುತ್ತಿದ್ದಾಳೆ. ಭಾಷೆ ಸ್ವಲ್ಪ ಜೋರಾಗಿದೆ, ನಾನು ತಿದ್ದಿಲ್ಲ. ಒತ್ತಕ್ಷರ ಮಾತ್ರ ತಿದ್ದಿದೆ.