ನೀರು ಕುಡಿದೂ ಬಾಡಿದ ಸ್ಟ್ರಾಬೆರಿ ಗಿಡಗಳು

ಮೈಸೂರಿನಿಂದ ಹುಣಸೂರು ರಸ್ತೆಯಲ್ಲಿ ಇಲವಾಲ ದಾಟಿ ಒಳಗೆ ಹೋದರೆ ಸಿಗುವ ಒಂದು ತೋಟದಲ್ಲಿ ನಾನು ಉಸ್ತುವಾರಿ. ಮಾಲೀಕರು ಇರುವುದು ಬೆಂಗಳೂರಿನಲ್ಲಿ, ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾರೆ. ಉಳಿದ ದಿನಗಳಲ್ಲಿ ನೀರು, ಗೊಬ್ಬರ, ಆಳು, ಔಷಧಿ ಎಲ್ಲವೂ ನನ್ನ ಹೊಣೆ. ಹದಿಮೂರು ವರ್ಷ ಟೊಮೆಟೊ, ಬೀನ್ಸ್, ಬಾಳೆ ನೋಡಿಕೊಂಡ ಮೇಲೆ, ಎರಡು ವರ್ಷದ ಹಿಂದೆ ಮೊದಲ ಸಲ ಅರ್ಧ ಎಕರೆಗೆ ಸ್ಟ್ರಾಬೆರಿ ಹಾಕಿದೆವು. ಶನಿವಾರ, ಭಾನುವಾರ ಊರಿನಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದವರು ತಾವೇ ಹಣ್ಣು ಕಿತ್ತುಕೊಂಡು ಹೋಗಲಿ ಅನ್ನುವುದು ಮಾಲೀಕರ ಆಸೆ. ಆದರೆ ಮೊದಲ ವರ್ಷವೇ ರೋಗ ಬಿದ್ದು, ಆ ಅರ್ಧ ಎಕರೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಗಿಡಗಳನ್ನು ನಾವೇ ಕಿತ್ತು ಚೀಲಕ್ಕೆ ತುಂಬಬೇಕಾಯಿತು. ಈಚೆಗೆ ನಮ್ಮ ಸುತ್ತಮುತ್ತ ಸ್ಟ್ರಾಬೆರಿ ಹಾಕಬೇಕೆಂದಿರುವ ಮೂರು ನಾಲ್ಕು ಜನ ಫೋನ್ ಮಾಡಿ ವಿಚಾರಿಸಿದರು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಆದದ್ದನ್ನು ಆದಂತೆ ಬರೆಯುತ್ತಿದ್ದೇನೆ.

ಸಸಿ ಬಂದದ್ದು ಸೆಪ್ಟೆಂಬರ್ ಕೊನೆಯ ವಾರ, ಹೊರರಾಜ್ಯದ ಒಂದು ನರ್ಸರಿಯಿಂದ. ಒಟ್ಟು 11,000. ಬೆಳಗಿನ ಜಾವ ಟೆಂಪೊ ಬಂತು. ಟಾರ್ಚ್ ಹಿಡಿದು ಟ್ರೇ ಎಣಿಸಿದೆ, ಎಲೆ ಹಸಿರಾಗಿದೆಯಾ, ಬೇರು ಬಿಳಿಯಾಗಿದೆಯಾ ನೋಡಿದೆ, ನಾಲ್ಕಾರು ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ ಸಹಿ ಹಾಕಿ ಕಳಿಸಿದೆ. ಏರುಮಡಿ, ಅದಕ್ಕೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್, ಹನಿ ನೀರಾವರಿಯ ಡ್ರಿಪ್ ಎಲ್ಲ ಸಿದ್ಧವಾಗಿತ್ತು. ನಾಟಿಯಾದ ಮೇಲೆ ಸಸಿ ಬಾಡದಿರಲಿ ಎಂದು ಹತ್ತು ದಿನ ಸ್ಪ್ರಿಂಕ್ಲರ್ ಹಾಕಿದೆವು. ಅದರ ಬೆನ್ನಿಗೇ ಹಿಂಗಾರು ಮಳೆ ಹಿಡಿಯಿತು.

ಅಕ್ಟೋಬರ್ ಮೂರನೇ ವಾರ, ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ, ಕೆಳಗಿನ ಮಡಿಯಲ್ಲಿ ಹತ್ತಿಪ್ಪತ್ತು ಗಿಡಗಳ ಎಳೆ ಎಲೆ ಜೋತುಬಿದ್ದಿದ್ದವು. ಮರುದಿನ ಬೆಳಗ್ಗೆ ನೋಡಿದರೆ ನೆಟ್ಟಗೆ ನಿಂತಿವೆ. ಡ್ರಿಪ್ ಎಲ್ಲೋ ಕಟ್ಟಿಕೊಂಡಿರಬೇಕು ಅಂದುಕೊಂಡು ಲ್ಯಾಟರಲ್, ಅಂದರೆ ಮಡಿಯ ಮೇಲಿನ ಸಣ್ಣ ಪೈಪು ತೊಳೆಸಿದೆ, ಇಪ್ಪತ್ತು ನಿಮಿಷ ಹೆಚ್ಚಿಗೆ ನೀರು ಬಿಟ್ಟೆ. ಮೂರನೇ ದಿನ ಅದೇ ಗಿಡಗಳು ಬೆಳಗ್ಗೆಯೂ ಏಳಲಿಲ್ಲ. ಪಕ್ಕದ ಮಡಿಯಲ್ಲಿ ಇನ್ನಷ್ಟು ಬಾಡಿದ್ದವು.

ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯ ಅಕ್ಕ ಒಬ್ಬರಿದ್ದಾರೆ. ಚಿಕ್ಕಂದಿನಿಂದ ವೀಳ್ಯದೆಲೆ ತೋಟದಲ್ಲಿ ದುಡಿದವರು. ಅವರು ಒಂದು ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂದರು: "ಬಾಯಾರಿಕೆ ಅಲ್ಲ ಕಣಪ್ಪ ಇದು. ನೀರು ಕುಡ್ದೂ ಬಾಡ್ತಾವೆ ಅಂದ್ರೆ ಬುಡದಲ್ಲಿ ಏನೋ ಕೂತದೆ. ಎಲೆ ತೋಟದಲ್ಲೂ ಹಿಂಗೇಯ ಆಗೋದು. ಒಂದ್ ಗಿಡ ಕಿತ್ತು ಸೀಳಿ ನೋಡು."

"ಒಂದು ಸಸಿಗೆ ಹನ್ನೆರಡು ರೂಪಾಯಿ ಅಕ್ಕ, ಸಂಜೆಗೆ ಸರಿ ಹೋದ್ರೂ ಹೋಗ್ಬಹುದು" ಅಂದೆ.

ನಾನು ಸೀಳಲಿಲ್ಲ. ಬಾಡಿದ ಗಿಡದ ಫೋಟೋವನ್ನು ಔಷಧಿ ಅಂಗಡಿಯವರಿಗೆ ಕಳಿಸಿದೆ. ಬುಡ ಕೊಳೆ ಇರಬೇಕು ಎಂದು ಅವರು ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿ ಕೊಟ್ಟರು. ಬುಡಬುಡಕ್ಕೆ ಸುರಿಸಿದೆ. ಅವರನ್ನು ದೂರುವುದಿಲ್ಲ. ಮಳೆಗಾಲ, ಬಾಡಿದ ಗಿಡ, ಮಬ್ಬು ಫೋಟೋ, ಇಷ್ಟರಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಮೆಟಲಾಕ್ಸಿಲ್ ಕೆಲಸ ಮಾಡುವುದು ಫೈಟಾಫ್ತೊರಾ, ಪಿಥಿಯಂ ಥರದ ರೋಗಾಣುಗಳ ಮೇಲೆ ಮಾತ್ರ. ಅವು ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರಗಳಲ್ಲ. ನಮ್ಮ ತೋಟದಲ್ಲಿದ್ದದ್ದು ನಿಜವಾದ ಶಿಲೀಂಧ್ರ, ಮೆಟಲಾಕ್ಸಿಲ್ ಅದನ್ನು ಮುಟ್ಟುವುದೇ ಇಲ್ಲ. ಜೊತೆಗಿದ್ದ ಮ್ಯಾಂಕೋಜೆಬ್ ಹೊರಮೈಯನ್ನು ಕಾಯುತ್ತದೆಯೇ ಹೊರತು ಗಿಡದೊಳಗೆ ಇಳಿಯುವುದಿಲ್ಲ. ಹೀಗೆ ಎಂಟು ದಿನ ಹೋಯಿತು. ಆ ಎಂಟು ದಿನದಲ್ಲಿ ಮೂರು ಸಲ ಮಳೆ ಬಂತು.

ಕೊನೆಗೆ ತೋಟಗಾರಿಕೆ ಕಾಲೇಜಿನಲ್ಲಿ ಸಸ್ಯರೋಗ ಪಾಠ ಮಾಡುವ ಮೇಡಂ ಒಬ್ಬರನ್ನು ಕಾಣಲು ಹೋದೆ. ಎಲೆ ಮಾತ್ರ ಕಿತ್ತುಕೊಂಡು ಹೋಗಿದ್ದೆ. "ಎಲೆ ಬೇಡ, ಬೇರು ಮಣ್ಣು ಸಮೇತ ಇಡೀ ಗಿಡ ತನ್ನಿ, ಸತ್ತದ್ದಲ್ಲ, ಈಗಷ್ಟೇ ಬಾಡಲು ಶುರುವಾದದ್ದು" ಎಂದು ವಾಪಸ್ಸು ಕಳಿಸಿದರು. ಮಧ್ಯಾಹ್ನ ಐದು ಗಿಡ ತಂದೆ. ಮೇಡಂ ಚಾಕು ತೆಗೆದು ಗಿಡದ ಕ್ರೌನ್ ಅನ್ನು, ಅಂದರೆ ಬೇರಿಗೂ ಎಲೆಗಳಿಗೂ ನಡುವೆ ಇರುವ ಗಿಡ್ಡ ಕಾಂಡವನ್ನು, ಉದ್ದುದ್ದಕ್ಕೆ ಸೀಳಿದರು. ಕೋಸಿನ ದಂಟಿನಂತೆ ಬೆಳ್ಳಗಿರಬೇಕಾದ ಒಳಭಾಗದಲ್ಲಿ ಇಟ್ಟಿಗೆ ಬಣ್ಣದ ಗೆರೆಗಳು ಅಮೃತಶಿಲೆಯಲ್ಲಿ ಹರಿದಂತೆ ಹರಡಿದ್ದವು. ಐದಕ್ಕೆ ಐದರಲ್ಲೂ.

"ಚಿಬ್ಬು ರೋಗ" ಅಂದರು.

ನನಗೆ ನಂಬಲು ಆಗಲಿಲ್ಲ. ಚಿಬ್ಬು ಅಂದರೆ ನಾವು ಕಂಡಿರುವುದು ಮೆಣಸಿನಕಾಯಿಯ ಮೇಲಿನ ತಗ್ಗು ಮಚ್ಚೆ, ಮಾವಿನ ಹೂ ಕಪ್ಪಾಗಿ ಉದುರುವುದು. ಅದನ್ನು ತರುವ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ ಕುಲದ ಬೇರೆ ಬೇರೆ ಜಾತಿಗಳು ಸ್ಟ್ರಾಬೆರಿಗೂ ಬರುತ್ತವೆ. ಕೆಲವು ಹಣ್ಣಿಗೆ ಹೆಚ್ಚು, ಕೆಲವು ಕ್ರೌನ್‌ಗೇ ನುಗ್ಗುತ್ತವೆ. ಬ್ರೂಕ್ಸ್ ಎಂಬ ವಿಜ್ಞಾನಿ ಅಮೆರಿಕದ ಫ್ಲಾರಿಡಾದಲ್ಲಿ 1931ರಲ್ಲೇ ಇದನ್ನು ಗುರುತಿಸಿ ಬರೆದಿದ್ದಾರಂತೆ. ಮೇಡಂ ಸೀಳಿದ ತುಂಡುಗಳನ್ನು ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿಟ್ಟರು. ಕೆಲವು ದಿನ ಬಿಟ್ಟು ಹೋದಾಗ ಅವುಗಳ ಮೇಲೆ ನಸುಗೆಂಪು ಕಿತ್ತಳೆ ಬಣ್ಣದ ಅಂಟು ಹನಿಗಳು ಎದ್ದಿದ್ದವು. ಆ ಒಂದೊಂದು ಹನಿಯಲ್ಲೂ ಲೆಕ್ಕವಿಲ್ಲದಷ್ಟು ಬೀಜಕಣ. ಸೂಕ್ಷ್ಮದರ್ಶಕದಲ್ಲಿ ತೋರಿಸಿದರು, ಅಕ್ಕಿಕಾಳಿನಂಥ ಆಕಾರ.

ಅಂಟು ಅನ್ನುವ ಆ ಮಾತನ್ನು ಮೇಡಂ ಒತ್ತಿ ಹೇಳಿದರು. ಬೂದಿ ರೋಗದ ಕಣಗಳ ಹಾಗೆ ಇವು ಒಣಗಾಳಿಯಲ್ಲಿ ಹಾರುವುದಿಲ್ಲ. ಲೋಳೆಯಲ್ಲಿ ಅಂಟಿಕೊಂಡಿರುತ್ತವೆ, ನೀರು ಬಿದ್ದರೆ ಕರಗಿ, ಹನಿ ಸಿಡಿದಲ್ಲಿಗೆಲ್ಲ ಹೋಗುತ್ತವೆ. ಮಳೆ, ಸ್ಪ್ರಿಂಕ್ಲರ್, ಒದ್ದೆ ಕೈ, ಎಲೆ ಕತ್ತರಿಸುವ ಕತ್ತರಿ, ಇವೇ ಅದರ ಗಾಡಿ. ನಾನು ಸಸಿ ಉಳಿಯಲಿ ಎಂದು ಹತ್ತು ದಿನ ಸ್ಪ್ರಿಂಕ್ಲರ್ ಹಾಕಿದ್ದೆ. ಇಬ್ಬನಿ ಆರುವ ಮೊದಲೇ ಹಣ್ಣೆಲೆ ತೆಗೆಸಿದ್ದೆ. ಪ್ಲಾಸ್ಟಿಕ್ ಶೀಟಿನ ಮೇಲೆ ಬಿದ್ದ ಮಳೆಹನಿ ಮಣ್ಣಿನ ಮೇಲೆ ಬಿದ್ದದ್ದಕ್ಕಿಂತ ಜೋರಾಗಿ ಸಿಡಿಯುತ್ತದೆ ಅನ್ನುವುದೂ ಅವತ್ತೇ ತಿಳಿದದ್ದು. ಕಿತ್ತ ಗಿಡಗಳನ್ನು ಬದುವಿನ ಪಕ್ಕ ರಾಶಿ ಹಾಕಿಸಿದ್ದೆ, ಮಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ.

"ನಿಮ್ಮ ತೋಟಕ್ಕೆ ಇದು ಬಂದದ್ದು ಹೇಗೆ?" ಎಂದು ಮೇಡಂ ಕೇಳಿದಾಗ ಮೊಬೈಲ್ ತೆಗೆದು ಸಸಿ ಇಳಿಸಿದ ದಿನದ ಫೋಟೋ ತೋರಿಸಿದೆ. ಅವರು ಬೆರಳಲ್ಲಿ ಹಿಗ್ಗಿಸಿದರು. ಎಲೆ ಹಸಿರಾಗಿಯೇ ಇತ್ತು. ಕೆಳಗೆ, ಎಲೆಯ ತೊಟ್ಟಿನ ಮೇಲೆ, ಎಳ್ಳುಕಾಳಿನಷ್ಟು ಉದ್ದದ ಕಪ್ಪು ತಗ್ಗು ಮಚ್ಚೆಗಳು. ಒಂದು ಟ್ರೇಯಲ್ಲೇ ಏಳೆಂಟು ಕಂಡವು. ಆ ಬೆಳಗಿನ ಜಾವ ಟಾರ್ಚ್ ಹಿಡಿದು ನಾನೇ ತೆಗೆದ ಫೋಟೋ. ಎಣಿಕೆ ನೋಡಿದೆ, ಎಲೆ ನೋಡಿದೆ, ಬೇರು ನೋಡಿದೆ. ತೊಟ್ಟು ನೋಡಲಿಲ್ಲ. ಅವತ್ತು ರಾತ್ರಿ ಊಟ ಇಳಿಯಲಿಲ್ಲ.

ಮರುದಿನ ಮಾಲೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಅಕ್ಕ ಸೀಳು ಅಂದದ್ದು, ನಾನು ಬೇಡ ಅಂದದ್ದು ಸೇರಿಸಿ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಏನು ಮಾಡಬೇಕೋ ಮಾಡಿ, ಅಕ್ಕನನ್ನು ಜೊತೆಗೆ ಇಟ್ಟುಕೊಳ್ಳಿ" ಅಂದರು.

ಕ್ರೌನ್ ಒಳಗೆ ಕೆಂಪಾದ ಗಿಡವನ್ನು ಯಾವ ಔಷಧಿಯೂ ಉಳಿಸುವುದಿಲ್ಲ. ಬಾಡಿದ್ದನ್ನೆಲ್ಲ ಸ್ಥಳದಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ದೂರ ಒಯ್ದು ಆಳದ ಗುಂಡಿಯಲ್ಲಿ ಮುಚ್ಚಿದೆವು. ಸುತ್ತಲಿನ ಚೆನ್ನಾಗಿ ಕಂಡ ಗಿಡಗಳನ್ನೂ ತೆಗೆದೆವು, ಅದು ಎಲ್ಲಕ್ಕಿಂತ ಕಷ್ಟವಾಯಿತು. ಸ್ಪ್ರಿಂಕ್ಲರ್ ಬಿಚ್ಚಿಟ್ಟೆವು. ಎಲೆ ಒಣಗುವ ತನಕ ಯಾರೂ ಮಡಿಗೆ ಇಳಿಯಬಾರದು, ಮೊದಲು ಚೆನ್ನಾಗಿರುವ ಮಡಿಯ ಕೆಲಸ ಮುಗಿಸಿ ರೋಗದ ಮಡಿಗೆ ಕೊನೆಯಲ್ಲಿ ಹೋಗಬೇಕು ಎಂದು ಕಟ್ಟುನಿಟ್ಟು ಮಾಡಿದೆ. ಬೆಳಗ್ಗೆ ಏಳಕ್ಕೆ ಬರುವವರು ಹತ್ತರ ತನಕ ಬೇರೆ ಕೆಲಸ ಮಾಡಬೇಕಾಯಿತು, ಮೊದಮೊದಲು ಗೊಣಗಿದರು. ಯೂರಿಯಾ ನಿಲ್ಲಿಸಿದೆ. ಸಾರಜನಕ ಹೆಚ್ಚಾದರೆ, ಅದರಲ್ಲೂ ಯೂರಿಯಾ, ಅಮೋನಿಯಂ ರೂಪದ್ದಾದರೆ ಈ ರೋಗ ಬಲಿಯುತ್ತದೆ. ಬದಲಿಗೆ ಕ್ಯಾಲ್ಸಿಯಂ ನೈಟ್ರೇಟ್ ಕೊಟ್ಟೆವು, ಅದೂ ಅಳತೆಯಲ್ಲಿ.

ನನಗೆ ಬಹಳ ಹಿಡಿಸಿದ್ದು ಹುಲ್ಲಿನ ಉಪಾಯ. ಶ್ರೀರಂಗಪಟ್ಟಣದ ಕಡೆಯ ರೈತರೊಬ್ಬರ ಮೆದೆಯಿಂದ ಒಂದು ಟ್ರ್ಯಾಕ್ಟರ್ ಭತ್ತದ ಹುಲ್ಲು ತರಿಸಿ, ಮಡಿಗಳ ನಡುವಿನ ಕಾಲುದಾರಿಗೆ ದಪ್ಪವಾಗಿ, ಶೀಟಿನ ಮೇಲೆ ತೆಳ್ಳಗೆ ಹಾಸಿದೆವು. ಹನಿ ಹುಲ್ಲಿನ ಮೇಲೆ ಬಿದ್ದರೆ ಅಲ್ಲೇ ಇಂಗುತ್ತದೆ, ಸಿಡಿಯುವುದಿಲ್ಲ. ಕಾವೇರಿ ಬಯಲಿನಲ್ಲಿ ಹುಲ್ಲಿಗೆ ಬರವಿಲ್ಲ. ಇಂಥದ್ದನ್ನು ಮೊದಲೇ ಮಾಡಬಹುದಿತ್ತು.

ಯಾವ ಔಷಧಿ ಹೊಡೆದಿರಿ ಎಂದು ಎಲ್ಲರೂ ಕೇಳುತ್ತಾರೆ. ಹೆಸರು ಬರೆಯುವುದಿಲ್ಲ. ಲೇಬಲ್ ಮೇಲೆ ಸ್ಟ್ರಾಬೆರಿ ಇದೆಯೇ, ಹೊಡೆದ ಮೇಲೆ ಎಷ್ಟು ದಿನ ಹಣ್ಣು ಕೀಳಬಾರದು ಅನ್ನುವುದನ್ನು ನಿಮ್ಮ ತೋಟಗಾರಿಕೆ ಅಧಿಕಾರಿಯನ್ನು ಕೇಳಿ ತಿಳಿಯಿರಿ. ಗಿಡದಿಂದ ಕಿತ್ತು ನೇರ ಬಾಯಿಗೆ ಹಾಕಿಕೊಳ್ಳುವ ಹಣ್ಣು ಇದು, ತಿನ್ನುವವರು ಮಕ್ಕಳು. ಒಂದೇ ಬಗೆಯ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅಜಾಕ್ಸಿಸ್ಟ್ರೋಬಿನ್ ಗುಂಪಿನ ಶಿಲೀಂಧ್ರನಾಶಕಗಳು ಫ್ಲಾರಿಡಾದ ಎಷ್ಟೋ ತೋಟಗಳಲ್ಲಿ ಈಗ ಕೆಲಸ ಮಾಡುತ್ತಿಲ್ಲ.

ಡಿಸೆಂಬರ್‌ನಲ್ಲಿ ಮಳೆ ನಿಂತು ಚಳಿ ಬಿದ್ದ ಮೇಲೆ ರೋಗ ತಣ್ಣಗಾಯಿತು. 25ರಿಂದ 30 ಡಿಗ್ರಿ ಬಿಸಿಲು, ಜೊತೆಗೆ ತೇವ, ಇದು ಅದಕ್ಕೆ ಹೇಳಿ ಮಾಡಿಸಿದ ಹವೆ. ನಮ್ಮ ಮೈಸೂರಿನ ಅಕ್ಟೋಬರ್ ಅಂದರೆ ಅದೇ. ಸ್ಟ್ರಾಬೆರಿಗೆ ಹೆಸರಾದ, ಬೆಟ್ಟದ ಮೇಲಿನ ತಂಪು ಊರು ಮಹಾಬಲೇಶ್ವರದ ಲೆಕ್ಕದಲ್ಲಿ ಇಲ್ಲಿ ನಾಟಿ ಮಾಡಿದ್ದು ನನ್ನ ಇನ್ನೊಂದು ತಪ್ಪು.

ಮಚ್ಚೆ ಕಾಣದ ಸಸಿಯೊಳಗೂ ರೋಗ ಅಡಗಿರಬಹುದು. ಅದಕ್ಕೆ ಮೇಡಂ ಒಂದು ಪರೀಕ್ಷೆ ಹೇಳಿಕೊಟ್ಟರು. ಮುಂಗಡ ಕೊಡುವ ಮೊದಲೇ ನರ್ಸರಿಯಿಂದ ಬೇರೆ ಬೇರೆ ಟ್ರೇಗಳ 60 ಸಸಿ ತರಿಸಿ, ಪ್ರತಿ ಸಸಿಯಿಂದ ಒಂದು ಹಳೆ ಎಲೆಯ ತೊಟ್ಟು ಕತ್ತರಿಸಿ, ತೆಳು ಬ್ಲೀಚ್ ನೀರಿನಲ್ಲಿ ಅದ್ದಿ ತೊಳೆದು, ಒಂದು ರಾತ್ರಿ ಫ್ರೀಜರ್‌ನಲ್ಲಿಡುವುದು. ಹೆಪ್ಪುಗಟ್ಟಿದಾಗ ತೊಟ್ಟಿನ ಜೀವ ಹೋಗುತ್ತದೆ, ಒಳಗೆ ಅಡಗಿದ ಶಿಲೀಂಧ್ರಕ್ಕೆ ಸತ್ತ ಅಂಗಾಂಶ ಸಿಕ್ಕಿ ಎದ್ದು ಬರುತ್ತದೆ. ಆಮೇಲೆ ಒದ್ದೆ ಕಾಗದದ ಡಬ್ಬಿಯಲ್ಲಿ ಮುಚ್ಚಿಟ್ಟು ಒಂದು ವಾರ ಕಾಯಬೇಕು. ಕಿತ್ತಳೆ ಹನಿ ಕಂಡರೆ ಕಾಲೇಜಿಗೆ ಒಯ್ದು ಖಚಿತ ಮಾಡಿಕೊಳ್ಳುವುದು, ಯಾಕೆಂದರೆ ಬೇರೆ ಬೂಷ್ಟೂ ಬೆಳೆಯುತ್ತದೆ.

ಕಳೆದ ವರ್ಷ ಎರಡು ನರ್ಸರಿಗಳನ್ನು ಕೇಳಿದೆ. ಎರಡೂ ಕಡೆಯ ಮಾದರಿ ಸಸಿ ನಮ್ಮ ದುಡ್ಡಲ್ಲೇ ಕೊಂಡೆವು. ಒಂದರ ಡಬ್ಬಿಯಲ್ಲಿ ನಾಲ್ಕು ತೊಟ್ಟು ಕಿತ್ತಳೆಯಾದವು, ಇನ್ನೊಂದರಲ್ಲಿ ಒಂದೂ ಇಲ್ಲ. ಆ ಎರಡನೆಯವರಿಂದ ಸಸಿ ತರಿಸಿ, ಮಡಿ ಹಿಂದಿನ ಜಾಗ ಬಿಟ್ಟು ಮೇಲಿನ ಹೊಲದಲ್ಲಿ ಮಾಡಿ, ನವೆಂಬರ್ ಮೊದಲ ವಾರ ನಾಟಿ ಮಾಡಿದೆವು.

ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಮತ್ತೆ ಮೂರು ಗಿಡ ಬಾಡಿದವು. ಎದೆ ಧಸಕ್ಕೆಂದಿತು. ನಾನು ಶೆಡ್‌ನಿಂದ ಚಾಕು ತರುವಷ್ಟರಲ್ಲಿ ಅಕ್ಕ ಎಲೆ ಅಡಿಕೆ ಚೀಲದಿಂದ ತಮ್ಮ ಪುಟ್ಟ ಚೂರಿ ತೆಗೆದು ಒಂದನ್ನು ಸೀಳಿ ಕೂತಿದ್ದರು. "ನೋಡಪ್ಪ, ಬೆಳ್ಳಗದೆ" ಎಂದು ಎರಡು ಹೋಳನ್ನೂ ಅಂಗೈಯಲ್ಲಿಟ್ಟು ತೋರಿಸಿದರು. ಕೋಸಿನ ದಂಟಿನಷ್ಟೇ ಬಿಳುಪು. ಬೇರು ಮಾತ್ರ ಅರ್ಧಕ್ಕರ್ಧ ಇರಲಿಲ್ಲ. ಬುಡದ ಮಣ್ಣು ಕೆದಕಿದರೆ ದಪ್ಪನೆಯ ಗೊಣ್ಣೆ ಹುಳು ಸುರುಳಿ ಸುತ್ತಿಕೊಂಡು ಮಲಗಿತ್ತು.