ಯಾರೂ ನೋಡದ ಡ್ರ್ಯಾಗನ್ ಅಷ್ಟು ನಿಜ ಅನ್ನಿಸೋದು ಹೇಗೆ?

ಹಳೆಯ ಚಿತ್ರಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ನನ್ನನ್ನು ಇದನ್ನು ಕೇಳಿಯೇ ಕೇಳುತ್ತಾರೆ. ಡ್ರ್ಯಾಗನ್, ಮತ್ಸ್ಯಕನ್ಯೆ, ತಲೆತುಂಬ ಹಾವಿರುವ ಮೆಡೂಸಾ, ಇವನ್ನೆಲ್ಲ ಯಾರೂ ಕಂಡಿಲ್ಲ. ಹಾಗಿದ್ದೂ ಚಿತ್ರದಲ್ಲಿ ಎದುರಿಗೇ ಕೂತ ಹಾಗೆ ಕಾಣುತ್ತವಲ್ಲ, ಹೇಗೆ? ಕೆಲವರು ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ: "ಆ ಚಿತ್ರಕಾರರ ಕಲ್ಪನೆ ಅಷ್ಟು ದೊಡ್ಡದು, ಅಲ್ವಾ?"

ಕಲ್ಪನೆಗಿಂತ ಜಾಸ್ತಿ ದುಡಿದದ್ದು ಅವರ ಕಣ್ಣು ಅಂತ ನನಗನ್ನಿಸುತ್ತದೆ.

ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಯಲ್ಲಿ ಇದನ್ನು ತುಂಬಾ ಸರಳವಾಗಿ ಬರೆದಿಟ್ಟಿದ್ದಾನೆ. ಇಲ್ಲದ ಪ್ರಾಣಿ ನಿಜವೆನಿಸಬೇಕಾದರೆ ಅದರ ಒಂದೊಂದು ಅಂಗವೂ ನಿಜವಾಗಿ ಇರುವ ಯಾವುದಾದರೂ ಪ್ರಾಣಿಯದನ್ನು ಹೋಲಬೇಕು. ಡ್ರ್ಯಾಗನ್ ಬೇಕೇ? ಬೇಟೆನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಸಿಂಹದ ಹುಬ್ಬು, ಮುದಿ ಹುಂಜದ ಕಣತಲೆ, ಆಮೆಯ ಕತ್ತು ತೆಗೆದುಕೋ. ಆ ಮುದಿ ಹುಂಜ ನನಗೆ ಬಹಳ ಇಷ್ಟ. ಎಳೆಯದು ಆಗುವುದಿಲ್ಲ, ಮುದಿಯದೇ ಬೇಕು! ಹುಂಜಗಳನ್ನು ಹತ್ತಿರದಿಂದ ನೋಡಿದವನಿಗೆ ಮಾತ್ರ ಆ ವ್ಯತ್ಯಾಸ ಗೊತ್ತಿರುತ್ತದೆ.

ಲಿಯೊನಾರ್ಡೊನ ಜೀವನಕಥೆ ಬರೆದ ವಸಾರಿ ಒಂದು ಪ್ರಸಂಗ ಹೇಳುತ್ತಾನೆ. ಒಂದು ಮರದ ಗುರಾಣಿಯ ಮೇಲೆ ಚಿತ್ರ ಬರೆಯುವ ಕೆಲಸ ಲಿಯೊನಾರ್ಡೊಗೆ ಅಪ್ಪನಿಂದ ಬಂತು. ನೋಡಿದವರು ಮೆಡೂಸಾಳನ್ನು ಕಂಡ ಹಾಗೆ ಹೆದರಬೇಕು ಅಂದುಕೊಂಡ. ಹಲ್ಲಿ, ಹಾವು, ಮಿಡತೆ, ಚಿಟ್ಟೆ, ಬಾವಲಿ ಎಲ್ಲ ತಂದು ಕೋಣೆಯಲ್ಲಿ ಸೇರಿಸಿಕೊಂಡ. ಸತ್ತವು ನಾರತೊಡಗಿದವು. ಕೆಲಸದಲ್ಲಿ ಮುಳುಗಿದ್ದವನಿಗೆ ಅದು ಗೊತ್ತೇ ಆಗಲಿಲ್ಲವಂತೆ. ಮುಗಿದ ಮೇಲೆ ಮಂದ ಬೆಳಕಿನಲ್ಲಿ ಗುರಾಣಿ ನಿಲ್ಲಿಸಿ ಅಪ್ಪನನ್ನು ಒಳಗೆ ಕರೆದ. ಅಪ್ಪ ಬೆಚ್ಚಿ ಹಿಂದೆ ಸರಿದ. ಆ ಗುರಾಣಿ ಇವತ್ತು ಉಳಿದಿಲ್ಲ. ವಸಾರಿ ಕಥೆಗೆ ಸ್ವಲ್ಪ ಬಣ್ಣ ಹಚ್ಚಿರಲೂಬಹುದು. ಆದರೆ ಟಿಪ್ಪಣಿಯಲ್ಲಿರುವುದೂ ಇದೇ ದಾರಿ.

ನೋಡದೆ ಬರೆದರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಚಿತ್ರವಿದೆ. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು ಹಡಗಿನಲ್ಲಿ ಲಿಸ್ಬನ್ ತಲುಪಿತು. ಜರ್ಮನಿಯಲ್ಲಿದ್ದ ಚಿತ್ರಕಾರ ಡ್ಯೂರರ್ ಅದನ್ನು ಕಣ್ಣಾರೆ ಕಾಣಲೇ ಇಲ್ಲ. ಬೇರೆಯವರ ವಿವರಣೆ ಮತ್ತು ಒಂದು ಒರಟು ಚಿತ್ರ ನಂಬಿ ಮರದ ಅಚ್ಚಿಗಾಗಿ ಬರೆದ. ಮೈಗೆ ಯೋಧರ ಕವಚ, ಕಾಲಿಗೆ ಮೀನಿನಂಥ ಹುರುಪೆ, ಭುಜದ ಮೇಲೆ ಇನ್ನೊಂದು ಪುಟ್ಟ ಕೊಂಬು. ಇರುವ ಪ್ರಾಣಿಯೇ ಪುರಾಣದ ಪ್ರಾಣಿಯಾಯಿತು.

ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಚಿತ್ರಕಾರ ಬಾಷ್ ಬರೆದ ನರಕದ ಚಿತ್ರವಿದೆ. ಹಕ್ಕಿತಲೆಯ ಭೂತವೊಂದು ಎತ್ತರದ ಕುರ್ಚಿಯಲ್ಲಿ ಕೂತು ಮನುಷ್ಯನನ್ನು ನುಂಗುತ್ತಿದೆ. ಅದರ ತಲೆಗೆ ಕಿರೀಟದ ಹಾಗೆ ಹಂಡೆ, ಕಾಲಿಗೆ ಚಪ್ಪಲಿಯ ಹಾಗೆ ಹೂಜಿ. ಎಷ್ಟು ಸಾರಿ ನೋಡಿದರೂ ನನ್ನ ಕಣ್ಣು ಆ ಹಂಡೆಗೇ ಹೋಗುತ್ತದೆ. ಮನೆಯ ಪಾತ್ರೆ ನರಕದಲ್ಲಿ ಕಂಡರೆ ಆಗುವ ಭಯ ಯಾವ ಕೋರೆಹಲ್ಲಿನಿಂದಲೂ ಆಗುವುದಿಲ್ಲ. ಕಥೆಪುಸ್ತಕಗಳಿಗೆ ಚಿತ್ರ ಬರೆದ ಆರ್ಥರ್ ರ‍್ಯಾಕಮ್‌ನ ಮರಗಳೂ ಹಾಗೆಯೇ. ಗಂಟು, ತೊಗಟೆ, ಬೇರು ಎಲ್ಲ ಮರದ್ದೇ. ಸುಮ್ನೆ ನೋಡುತ್ತಾ ಇದ್ದರೆ ಮುಖ ಮೂಡುತ್ತದೆ, ಬೆರಳು ಚಾಚುತ್ತದೆ.

ಅಂಗ ಜೋಡಿಸಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಆ ಜೀವಿಗೆ ಮನಸ್ಸು ಬೇಕು. ಇದನ್ನು ಹೇಳುವಾಗ ನಾನು ಯಾವಾಗಲೂ ಪಿಯೆರೊ ಡಿ ಕೊಸಿಮೊ ಸುಮಾರು 1495ರಲ್ಲಿ ಬರೆದ ಚಿತ್ರವನ್ನು ತೋರಿಸುತ್ತೇನೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹುಲ್ಲಿನ ಮೇಲೆ ಒಬ್ಬಳು ಹುಡುಗಿ ಸತ್ತು ಬಿದ್ದಿದ್ದಾಳೆ. ಗಂಟಲಲ್ಲಿ ಗಾಯ. ತಲೆಯ ಬಳಿ ಸ್ಯಾಟಿರ್, ಅಂದರೆ ಗ್ರೀಕ್ ಪುರಾಣದ ಮೇಕೆಕಾಲಿನ ಅರ್ಧಮನುಷ್ಯ, ಮಂಡಿಯೂರಿದ್ದಾನೆ. ಒಂದು ಕೈ ಅವಳ ಭುಜದ ಮೇಲೆ, ಇನ್ನೊಂದು ಹಣೆಯ ಹತ್ತಿರ. ಎಷ್ಟು ಮೆತ್ತಗೆ ಮುಟ್ಟಿದ್ದಾನೆ ಅಂದರೆ, ಅವನ ಕಾಲು ಮೇಕೆಯದು ಅನ್ನುವುದು ನಮಗೆ ಆಮೇಲೆ ನೆನಪಾಗುತ್ತದೆ. ಅವಳ ಕಾಲ ಬಳಿ ಕಂದುಬಣ್ಣದ ನಾಯಿಯೊಂದು ತಲೆ ತಗ್ಗಿಸಿ ಕೂತಿದೆ. ಪಕ್ಕದಲ್ಲಿರುವವನು ಯಾರು, ಎಂಥವನು ಅಂತ ಅದು ಬೊಗಳುತ್ತಿಲ್ಲ.