ಐದು ಸ್ಪೀಕರ್ ಇಟ್ಟುಕೊಂಡು ವರ್ಷವಿಡೀ ಎರಡನ್ನೇ ಕೇಳಿದ್ದು

ಹೋದ ದಸರಾ ರಜೆಗೆ ಅಕ್ಕನ ಮಗ ಮೈಸೂರಿಗೆ ಬಂದಿದ್ದ. ನಮ್ಮ ಹಾಲ್‌ನಲ್ಲಿ ಟಿವಿ ಕೆಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ಯಾವುದೋ ಆಫೀಸಿನಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಮಾಲು, ಸಿನಿಮಾ ನೋಡೋದಕ್ಕೆ ಅಂತಲೇ ಇಟ್ಟಿದ್ದೇನೆ. ಅದರ ಜೊತೆಗೆ ಹಿಂದಿನ ವರ್ಷ ದೀಪಾವಳಿ ಆಫರ್‌ನಲ್ಲಿ ತಂದ 5.1 ಸೌಂಡ್‌ಬಾರ್. 5.1 ಅಂದರೆ ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎರಡು, ಈ ಐದರ ಜೊತೆ ಬೇಸ್‌ಗೆ ಅಂತ ಒಂದು ಸಬ್‌ವೂಫರ್, ಒಟ್ಟು ಆರು ಚಾನೆಲ್, ಅಂದರೆ ಆರು ಬೇರೆ ಬೇರೆ ಶಬ್ದ. ಮುಂದೆ ಉದ್ದನೆ ಬಾರ್, ಮೂಲೆಯಲ್ಲಿ ಸಬ್‌ವೂಫರ್, ಸೋಫಾದ ಅಕ್ಕಪಕ್ಕ ಎರಡು ಪುಟಾಣಿ ಸ್ಪೀಕರ್. ಹುಡುಗ ಅರ್ಧ ಗಂಟೆ ಸಿನಿಮಾ ನೋಡಿದ. ಮಳೆ ಬರೋ ಸೀನ್‌ನಲ್ಲಿ ಎದ್ದು ಹೋಗಿ ಹಿಂದಿನ ಸ್ಪೀಕರಿಗೆ ಕಿವಿ ಇಟ್ಟ.

"ಮಾಮ, ಮುಂದೆ ಏನ್ ಬರ್ತಿದೆಯೋ ಇಲ್ಲೂ ಅದೇ ಬರ್ತಿದೆ. ಇದು 5.1 ಅಲ್ವೇ ಅಲ್ಲ."

ನನಗೆ ಸ್ವಲ್ಪ ಸಿಟ್ಟೇ ಬಂತು. ಡಬ್ಬದ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದೆಯಲ್ಲ! ಅವನು ಮಾತಾಡಲಿಲ್ಲ, ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ ತೆಗೆದು ಪ್ಲೇಬ್ಯಾಕ್‌ನಲ್ಲಿ ಟಿವಿಯ ಹೆಸರು ಹುಡುಕಿ ಕಾನ್ಫಿಗರ್ ಅಂತ ಒತ್ತಿದ. ಅಲ್ಲಿದ್ದದ್ದು ಒಂದೇ ಆಯ್ಕೆ, ಸ್ಟೀರಿಯೊ. ಅಂದರೆ ಕಂಪ್ಯೂಟರ್ ಒಂದು ವರ್ಷದಿಂದ ಎಡ, ಬಲ ಅಂತ ಎರಡನ್ನೇ ಕಳಿಸುತ್ತಿತ್ತು. ಬಾರ್ ಪಾಪ ಅದನ್ನೇ ಐದು ಕಡೆಗೂ ಹಂಚಿ ಬಡಿಸುತ್ತಿತ್ತು. ನಾನು ಬಂದವರಿಗೆಲ್ಲ "ಹೇಗಿದೆ ಸರೌಂಡು?" ಅಂತ ಕೇಳಿ, ಅವರು "ಸೂಪರ್" ಅಂದಿದ್ದನ್ನ ನಂಬಿಕೊಂಡಿದ್ದೆ.

ತಪ್ಪು ಬಾರ್‌ನದ್ದಲ್ಲ. ಅದರಲ್ಲಿ ಇದ್ದದ್ದು ಒಂದೇ ಎಚ್‌ಡಿಎಂಐ ತೂತು, ಪಕ್ಕದಲ್ಲಿ ಎಆರ್‌ಸಿ ಅಂತ ಸಣ್ಣದಾಗಿ ಬರೆದಿರುತ್ತದೆ. ಟಿವಿಯ ಶಬ್ದ ಬಾರ್‌ಗೆ ವಾಪಸ್ ಬರೋ ದಾರಿ ಅದು. ಕಂಪ್ಯೂಟರಿನ ಕೇಬಲನ್ನ ನೇರವಾಗಿ ಅಲ್ಲಿಗೆ ಚುಚ್ಚಿದರೆ ಏನೂ ಬರಲ್ಲ (ಚುಚ್ಚಿ ನೋಡಿದ್ದೇನೆ). ಹಾಗಾಗಿ ಕಂಪ್ಯೂಟರ್ ಟಿವಿಗೆ, ಟಿವಿ ಬಾರ್‌ಗೆ, ಹೀಗೆ ಸುತ್ತು ಬಳಸಿ ಹೋಗಬೇಕು. ಕಂಪ್ಯೂಟರಿಗೆ ಕಾಣೋದು ಟಿವಿ ಮಾತ್ರ. ಎಚ್‌ಡಿಎಂಐ ಹಾಕಿದ ತಕ್ಷಣ ಟಿವಿ "ನನ್ನ ಹತ್ತಿರ ಇರೋದು ಎರಡು ಸ್ಪೀಕರ್" ಅಂತ ಹೇಳಿಬಿಡುತ್ತದೆ, ಕಂಪ್ಯೂಟರ್ ಅದನ್ನ ನಂಬಿ ಎರಡೇ ಕಳಿಸುತ್ತದೆ. ಡಾಲ್ಬಿ ಡಿಜಿಟಲ್ ಅಂದರೆ ಆರು ಚಾನೆಲ್ಲನ್ನ ಒತ್ತಿ ಸಣ್ಣದು ಮಾಡಿ ಪೊಟ್ಟಣ ಕಟ್ಟೋ ಒಂದು ವಿಧಾನ. ಆ ಶಬ್ದವನ್ನ ಬಿಚ್ಚದೆ ಹಾಗೇ ಕಳಿಸಿದರೆ ಕೆಲವು ಟಿವಿಗಳು ಮುಂದಕ್ಕೆ ದಾಟಿಸುತ್ತವೆ. ನಮ್ಮದು ದಾಟಿಸಲಿಲ್ಲ. ಪೊಟ್ಟಣ ಬಿಚ್ಚಿದ ಆರು ಚಾನೆಲ್ಲಿನ ಶಬ್ದಕ್ಕಂತೂ ಹಳೆ ಎಆರ್‌ಸಿಯಲ್ಲಿ ಜಾಗವೇ ಇಲ್ಲ. ಅದು 2017ರ ಎಚ್‌ಡಿಎಂಐ 2.1ರ ಜೊತೆ ಬಂದ ಇ-ಎಆರ್‌ಸಿಗೆ ಮಾತ್ರ ಆಗುತ್ತದೆ, ಅದೂ ಟಿವಿ ಮತ್ತು ಬಾರ್ ಎರಡರಲ್ಲೂ ಇರಬೇಕು.

ಅದೇ ಬಾರ್ ಈಗ ಚಿಕ್ಕಮ್ಮನ ಮನೆಯಲ್ಲಿದೆ. ಅವರು ಟಿವಿಯೊಳಗಿನ ಆ್ಯಪ್‌ಗಳಲ್ಲೇ ನೋಡೋದು, ಕಂಪ್ಯೂಟರ್ ಇಲ್ಲ. ಅಲ್ಲಿ ಐದೂ ಚೆನ್ನಾಗಿಯೇ ಕೆಲಸ ಮಾಡುತ್ತಿವೆ.

ಆದ್ದರಿಂದ ಕಂಪ್ಯೂಟರಿಗೆ ಸರೌಂಡ್ ಹುಡುಕುತ್ತಿದ್ದೀರಾ ಅಂದರೆ ನಾನು ಮೊದಲು ಕೇಳೋದು ಬಜೆಟ್ ಎಷ್ಟು ಅಂತಲ್ಲ, ಕಂಪ್ಯೂಟರಿನ ಹಿಂಭಾಗದ ಒಂದು ಫೋಟೊ ಕಳಿಸಿ ಅಂತ. ಶಬ್ದ ಹೊರಗೆ ಬರೋ ದಾರಿ ಯಾವುದು ಅಂತ ಗೊತ್ತಾದರೆ ಅರ್ಧ ಅಂಗಡಿ ತಾನೇ ಕಳಚಿಕೊಳ್ಳುತ್ತದೆ.

ಹಿಂದೆ ಹಸಿರು, ಕಪ್ಪು, ಕಿತ್ತಳೆ ಬಣ್ಣದ ತೂತುಗಳಿದ್ದರೆ ನೀವು ಅದೃಷ್ಟವಂತರು. ಹಸಿರು ಮುಂದಿನ ಎರಡಕ್ಕೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರಿಗೆ. ಮೂರು ತಂತಿ ಹಾಕಿದರೆ ಮುಗೀತು. ಬಿಚ್ಚೋ ಕೆಲಸವೆಲ್ಲ ಕಂಪ್ಯೂಟರಿನದ್ದೇ. ಸಿನಿಮಾ, ಗೇಮ್, ಏನಿದ್ದರೂ ಆರು ಚಾನೆಲ್ ಇದ್ದರೆ ಆರೂ ಬರುತ್ತವೆ, ಆ ಲೋಗೊ ಇದೆಯಾ ಈ ಲೋಗೊ ಇದೆಯಾ ಅಂತ ನೋಡೋ ಹಾಗಿಲ್ಲ. ಹತ್ತಡಿ ಹತ್ತಡಿ ರೂಮಿಗೆ ಈ ಥರದ ಕಂಪ್ಯೂಟರ್ ಸ್ಪೀಕರ್ ಸೆಟ್ಟೇ ಸಾಕು ಅಂತ ನನ್ನ ಅಭಿಪ್ರಾಯ, ಆಡಿಯೊ ಗುಂಪಿನವರು ಬೈದರೂ ಪರವಾಗಿಲ್ಲ. ಲಾಜಿಟೆಕ್‌ನ ಝಡ್906 ಸೆಟ್‌ನಲ್ಲಿ ಈ ಮೂರು ತಂತಿಯ ಜಾಗವೂ ಇದೆ, ಆಪ್ಟಿಕಲ್ ಕೂಡ ಇದೆ. ತೊಂದರೆ ಏನೆಂದರೆ ಲ್ಯಾಪ್‌ಟಾಪು ಮತ್ತು ಪುಟ್ಟ ಕಂಪ್ಯೂಟರುಗಳಲ್ಲಿ ಇರೋದು ಹೆಡ್‌ಫೋನಿನ ಒಂದೇ ತೂತು. ನನ್ನದೂ ಅದೇ ಜಾತಿ.

ಆಪ್ಟಿಕಲ್ ಅಂದರೆ ತುದಿಯಲ್ಲಿ ಕೆಂಪು ಬೆಳಕು ಕಾಣುತ್ತದಲ್ಲ, ಆ ತಂತಿ. ಅದರಲ್ಲಿ ಎರಡು ಚಾನೆಲ್ ಬಿಚ್ಚಿಕೊಂಡು ಹೋಗಬಹುದು, ಇಲ್ಲವೇ ಡಾಲ್ಬಿ ಡಿಜಿಟಲ್, ಅದರಂಥದ್ದೇ ಆದ ಡಿಟಿಎಸ್ ಪೊಟ್ಟಣವಾಗಿ ಹೋಗಬಹುದು. ಬಿಚ್ಚಿದ ಆರು ಚಾನೆಲ್ ಹಿಡಿಸಲ್ಲ. ಡಿವಿಡಿ ಕಾಲದ ಸಿನಿಮಾಗಳಿಗೆ ಇದು ಸಾಕು. ಆದರೆ ಗೇಮ್ ಆಡಿದರೆ ಮತ್ತೆ ಸ್ಟೀರಿಯೊ, ಸೌಂಡ್ ಕಾರ್ಡ್‌ನಲ್ಲಿ ಡಾಲ್ಬಿ ಡಿಜಿಟಲ್ ಲೈವ್ ಥರದ್ದು ಇದ್ದರೆ ಮಾತ್ರ ಅದು ಅಲ್ಲೇ ಕೂತು ಪೊಟ್ಟಣ ಕಟ್ಟಿ ಕಳಿಸುತ್ತದೆ.

ನನಗೆ ಉಳಿದದ್ದು ಎಚ್‌ಡಿಎಂಐ, ಅಂದರೆ ಎವಿ ರಿಸೀವರ್. ಎಚ್‌ಡಿಎಂಐಯಲ್ಲಿ ಬಂದ ಶಬ್ದವನ್ನ ಬಿಡಿಸಿ ಒಂದೊಂದು ಸ್ಪೀಕರಿಗೂ ಹಂಚೋ ಆಂಪ್ಲಿಫೈಯರ್ ಡಬ್ಬ ಅದು. ಹೊಸದಕ್ಕೆ ದುಡ್ಡಿರಲಿಲ್ಲ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ಒಬ್ಬರ ಹತ್ತಿರ 11 ಸಾವಿರಕ್ಕೆ ಹಳೆಯದೊಂದು ಸಿಕ್ಕಿತು. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ತೀರಾ ಹಳೆ ಕಾಲದ ಕೆಲವು ಅಗ್ಗದ ರಿಸೀವರುಗಳಲ್ಲಿ ಎಚ್‌ಡಿಎಂಐ ಇರುತ್ತದೆ, ಆದರೆ ಅದು ಚಿತ್ರವನ್ನ ಟಿವಿಗೆ ದಾಟಿಸುತ್ತದೆ ಅಷ್ಟೇ, ಅದರೊಳಗಿನ ಶಬ್ದವನ್ನ ಮುಟ್ಟೋದೇ ಇಲ್ಲ. ಅದಕ್ಕೇ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ. ಅವರ ಮನೆಯ ಡೈನಿಂಗ್ ಟೇಬಲ್ ಮೇಲೆ ಎಚ್‌ಡಿಎಂಐ ಹಾಕಿ, ಕಾನ್ಫಿಗರ್ ತೆಗೆದರೆ ಸ್ಟೀರಿಯೊ ಕೆಳಗೆ 5.1, 7.1 ಎರಡೂ ಸಾಲಾಗಿ ನಿಂತಿದ್ದವು. ಆ ಎರಡು ಸಾಲು ನೋಡಿದ ಮೇಲೆ ಚೌಕಾಸಿ ಮಾಡೋದನ್ನೇ ಮರೆತೆ.

ಮನೆಗೆ ತಂದ ಮೇಲೆ ಒಂದು ತಲೆನೋವು. ನಮ್ಮದು 4ಕೆ ಟಿವಿ, ರಿಸೀವರ್ ಹಳೆಯದು, 1080ಪಿ ಮೇಲೆ ಹೋಗಲ್ಲ. ಹಾಗಾಗಿ ಕಂಪ್ಯೂಟರಿನಿಂದ ಒಂದು ತಂತಿ ಚಿತ್ರಕ್ಕೆ ನೇರ ಟಿವಿಗೆ, ಇನ್ನೊಂದು ಶಬ್ದಕ್ಕೆ ರಿಸೀವರಿಗೆ. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ರಿಸೀವರನ್ನೂ ವಿಂಡೋಸ್ ಇನ್ನೊಂದು ಪರದೆ ಅಂದುಕೊಳ್ಳುತ್ತದೆ. ಕಣ್ಣಿಗೆ ಕಾಣದ ದೆವ್ವದ ಪರದೆ. ಅಮ್ಮ ಮೌಸ್ ಬಲಕ್ಕೆ ಎಳೆದರೆ ಬಾಣ ಆ ಕಡೆ ಹೋಗಿ ಮಾಯ. "ಇಲಿ ಓಡಿಹೋಯ್ತು ಬಾರೋ" ಅಂತ ಅಡುಗೆಮನೆವರೆಗೂ ಕೂಗು. ಕೊನೆಗೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಆ ದೆವ್ವದ ಪರದೆಯನ್ನ ಟಿವಿಯ ಮೂಲೆಗೆ ಮೂಲೆ ತಾಗೋ ಹಾಗೆ ಎಳೆದು ಕೂರಿಸಿದೆ. ಈಗ ಬಾಣ ಸರಿಯಾಗಿ ಆ ಒಂದು ಮೂಲೆಗೆ ಹೋದರೆ ಮಾತ್ರ ತಪ್ಪಿಸಿಕೊಳ್ಳಬಹುದು.

ಸ್ಪೀಕರ್ ವಿಷಯಕ್ಕೆ ಬಂದರೆ, ವ್ಯಾಟ್ ನೋಡಿ ಮಾರುಹೋಗಬೇಡಿ. ತೊಂಬತ್ತರ ದಶಕದ ಟೇಪ್ ರೆಕಾರ್ಡರುಗಳ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ವ್ಯಾಟ್‌ನ ಸ್ಟಿಕರ್ ಅಂಟಿಸುತ್ತಿದ್ದರು, ನೆನಪಿದೆಯಾ? ಅಂಥ ನಂಬರುಗಳು ಈಗಲೂ ಬೇರೆ ವೇಷದಲ್ಲಿ ಓಡಾಡುತ್ತಿವೆ. ಆರ್‌ಎಂಎಸ್, ಅಂದರೆ ಬಿಡದೆ ಕೊಡಬಲ್ಲ ನಿಜವಾದ ವ್ಯಾಟ್ ಎಷ್ಟು, ಅದು ಎಷ್ಟು ಚಾನೆಲ್ ಒಟ್ಟಿಗೆ ಓಡುವಾಗ ಅಳೆದದ್ದು ಅಂತ ಕೇಳಿ. ವ್ಯಾಟ್ ಎರಡರಷ್ಟಾದರೂ ಶಬ್ದ ಜಾಸ್ತಿಯಾಗೋದು ಬರೀ 3 ಡೆಸಿಬೆಲ್. ನಾನು ರಾತ್ರಿ ಸಿನಿಮಾ ನೋಡುವಾಗ ಒಂದು ಸ್ಪೀಕರ್ ಒಂದೆರಡು ವ್ಯಾಟ್ ತಿಂದರೆ ಅದೇ ಹೆಚ್ಚು.

ದುಡ್ಡಿನ ದೊಡ್ಡ ಪಾಲು ಸೆಂಟರ್ ಸ್ಪೀಕರಿಗೆ ಹಾಕಿ ಅಂತ ಗಟ್ಟಿಯಾಗಿ ಹೇಳುತ್ತೇನೆ. 5.1ರಲ್ಲಿ ಮಾತೆಲ್ಲ ಹೆಚ್ಚುಕಡಿಮೆ ಅದರಲ್ಲೇ ಬರೋದು. ಫೈಟ್ ಸೀನ್‌ಗೆ ವಾಲ್ಯೂಮ್ ಇಳಿಸು, ಮಾತಿಗೆ ಏರಿಸು ಅಂತ ರಿಮೋಟ್ ಹಿಡಿದುಕೊಂಡೇ ಸಿನಿಮಾ ನೋಡುತ್ತೀರಲ್ಲ, ಆ ಕಾಟಕ್ಕೆ ಮದ್ದು ಇಲ್ಲಿದೆ. ಆರು ಚಾನೆಲ್ ಅನ್ನು ಎರಡಕ್ಕೆ ಹಿಂಡಿದಾಗ ಮಾತು, ಹಾಡು, ಬಾಂಬು ಎಲ್ಲ ಒಂದೇ ಚೀಲದಲ್ಲಿ ತುಂಬಿಕೊಂಡು ಬರುತ್ತವೆ. ಸೆಂಟರ್ ಬೇರೆ ಇದ್ದರೆ ಅದನ್ನ ಮಾತ್ರ 2-3 ಡೆಸಿಬೆಲ್ ಏರಿಸಬಹುದು. ಅಮ್ಮನಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ನಾನು 3 ಏರಿಸಿದ ದಿನದಿಂದ "ಏನಂದ ಅವನು?" ಅಂತ ಕೇಳೋದು ನಿಂತಿದೆ. ಮುಂದಿನ ಮೂರೂ ಸ್ಪೀಕರ್ ಒಂದೇ ಕಂಪನಿ, ಒಂದೇ ಸರಣಿ ಇರಲಿ. ಇಲ್ಲದಿದ್ದರೆ ಕಾರು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ದನಿಯೇ ಬದಲಾಗುತ್ತದೆ. ಹಿಂದಿನವು ಸಣ್ಣವಿದ್ದರೂ ನಡೆಯುತ್ತದೆ.

ಇಡೋ ಜಾಗದ ಬಗ್ಗೆ ಪುಸ್ತಕದಲ್ಲಿ ಹೇಳೋದು ಹೀಗೆ: ಮುಂದಿನವು ನಿಮ್ಮ ಮೂಗಿನ ನೇರದಿಂದ 30 ಡಿಗ್ರಿ ಆಚೀಚೆ, ಹಿಂದಿನವು ಸುಮಾರು 110 ಡಿಗ್ರಿ. ನಮ್ಮ ಮನೆಗಳಲ್ಲಿ ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತದೆ, 110 ಎಲ್ಲಿಂದ ತರೋದು? ಒಂದಡಿ ಮುಂದೆ ಎಳೆಯೋಣ ಅಂದರೆ ಓಡಾಡೋಕೆ ಜಾಗ ಇರಲ್ಲ. ನಾನು ಸೋಫಾದ ಎರಡೂ ಪಕ್ಕಕ್ಕೆ, ಕಿವಿಗಿಂತ ಒಂದೂವರೆ ಅಡಿ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ತಂತಿ ಕೇಸಿಂಗ್ ಪಟ್ಟಿಯೊಳಗೆ ಹೋಗಿದೆ. ತಂತಿ ತಗೊಳ್ಳುವಾಗ ಅಂಗಡಿಯಲ್ಲೇ ಬ್ಲೇಡಿನಿಂದ ಒಂದೆಳೆ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ತಾಮ್ರದ ನೀರು ಕುಡಿಸಿದ ಅಲ್ಯುಮಿನಿಯಂ. 16 ಗೇಜ್ ತಾಮ್ರ ಸಾಕು, ಅದಕ್ಕಿಂತ ದುಬಾರಿ ತಂತಿಯೆಲ್ಲ ಸುಮ್ನೆ.

ನಮ್ಮದು ಅಪ್ಪ ಕಟ್ಟಿಸಿದ ಹಳೆ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಚಪ್ಪಾಳೆ ತಟ್ಟಿದರೆ ಟಣ್ ಅಂತ ಹಿಂದಿರುಗುತ್ತಿತ್ತು. ಅಟ್ಟದ ಮೇಲಿದ್ದ ನವಲಗುಂದದ ಜಮಖಾನ ಇಳಿಸಿ ಟಿವಿಗೂ ಸೋಫಾಕ್ಕೂ ನಡುವೆ ಹಾಸಿದೆ, ಬರಿಗೋಡೆಗೆ ದಪ್ಪ ಪರದೆ ಬಿಟ್ಟೆ. ಹೇಳಿದರೆ ನಂಬಲ್ಲ, ರಿಸೀವರ್ ತಂದಾಗ ಆದ ವ್ಯತ್ಯಾಸಕ್ಕಿಂತ ಇದೇನೂ ಕಮ್ಮಿ ಇರಲಿಲ್ಲ.

ಸಬ್‌ವೂಫರಿಗೆ ಜಾಗ ಹುಡುಕಿದ್ದು ಹುಡುಗನ ಉಪಾಯ. ಅದನ್ನ ಎತ್ತಿ ಸೋಫಾದ ಮೇಲೆ ನಾವು ಕೂರೋ ಕಡೆ ಕೂರಿಸಿ, ಬೇಸ್ ಇರೋ ಒಂದು ಹಾಡು ಹಾಕಿ, ನಾವಿಬ್ಬರೂ ಗೋಡೆಯುದ್ದಕ್ಕೂ ಅಂಬೆಗಾಲಿಟ್ಟೆವು. ಎಲ್ಲಿ ಗುಂಯ್ ಅನ್ನದೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಅದರ ಜಾಗ. ಹಾಲು ಕೊಡೋಕೆ ಬಂದವನು ಬಾಗಿಲಲ್ಲೇ ನಿಂತು "ಏನ್ ಕಳೆದುಹೋಯ್ತು ಸಾರ್?" ಅಂದ. ಆ ಜಾಗ ಟಿವಿ ಪಕ್ಕದ ಮೂಲೆಯಲ್ಲಿ ಇರಲೇ ಇಲ್ಲ, ಬಾಗಿಲ ಹತ್ತಿರದ ಚಪ್ಪಲಿ ಸ್ಟ್ಯಾಂಡ್ ಇದ್ದಲ್ಲಿ ಇತ್ತು. ಚಪ್ಪಲಿ ಈಗ ಹೊರಗಿವೆ. ಸಣ್ಣ ಸ್ಪೀಕರುಗಳಿಗೆ ರಿಸೀವರಿನಲ್ಲಿ "ಸ್ಮಾಲ್" ಅಂತ ಕೊಟ್ಟು 80 ಹರ್ಟ್ಸ್‌ನಿಂದ ಕೆಳಗಿನದ್ದೆಲ್ಲ ಸಬ್‌ಗೆ ಹೋಗೋ ಹಾಗೆ ಮಾಡಿದ್ದೇನೆ.

ಎರಡು ದಿನ ಸಬ್‌ನಿಂದ ಸಣ್ಣಗೆ ಗುಂಗುಡುವ ಸದ್ದು ಬರುತ್ತಿತ್ತು. ತಂತಿ ಬದಲಾಯಿಸಿದೆ, ಪ್ಲಗ್ ಬದಲಾಯಿಸಿದೆ, ಹೋಗಲಿಲ್ಲ. ಕೊನೆಗೆ ಸೆಟ್‌ಟಾಪ್ ಬಾಕ್ಸ್‌ನ ಹಿಂದಿನ ಕೇಬಲ್ ಬಿಚ್ಚಿದ ತಕ್ಷಣ ಗಪ್‌ಚುಪ್. ಕೇಬಲಿನವರ ಅರ್ತ್ ಬೇರೆ, ನಮ್ಮ ಮನೆ ಅರ್ತ್ ಬೇರೆ, ಎರಡೂ ಟಿವಿಯಲ್ಲಿ ಕೈಕುಲುಕಿ ಸಬ್‌ನಲ್ಲಿ ಗುನುಗುತ್ತಿದ್ದವು. ಹೇಗೂ ಯಾರೂ ನೋಡುತ್ತಿರಲಿಲ್ಲ, ಕನೆಕ್ಷನ್ನೇ ತೆಗೆಸಿಬಿಟ್ಟೆ.

ಇಷ್ಟೆಲ್ಲ ಆದ ಮೇಲೂ ಬ್ರೌಸರಿನಲ್ಲಿ ಸಿನಿಮಾ ಹಾಕಿದರೆ ಹೆಚ್ಚಿನ ಸಲ ಸ್ಟೀರಿಯೊನೇ ಬರುತ್ತದೆ, ಅದು ಆ ಆ್ಯಪ್‌ನವರು ಕೊಟ್ಟಷ್ಟೇ. ನನ್ನ ಹತ್ತಿರ ಇರೋ ಬ್ಲೂರೇಗಳನ್ನ ಕೋಡಿ ಅನ್ನೋ ಸಿನಿಮಾ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ಹಾಕಿದರೆ ಮಾತ್ರ ಆರೂ ಚಾನೆಲ್ ಪೂರ್ತಿ ಬರುತ್ತವೆ. ಕೋಡಿಯ ಸೆಟ್ಟಿಂಗ್‌ನಲ್ಲಿ ಚಾನೆಲ್ ಸಂಖ್ಯೆ 2.0 ಅಂತ ಇರುತ್ತದೆ, 5.1 ಮಾಡೋದು ಮರೀಬೇಡಿ. ತಲೆ ಮೇಲಿಂದಲೂ ಶಬ್ದ ಬರೋ ಅಟ್ಮಾಸ್ ಬೇಕಾ ಅಂತ ಕೇಳುವವರಿಗೆ: ಛಾವಣಿ ಆರ್‌ಸಿಸಿ, ಅದರಲ್ಲಿ ಯಾರು ತೂತು ಕೊರೀತಾರೆ? ಮೊದಲು ಐದನ್ನ ಸರಿಯಾಗಿ ಕೂಗಿಸಿ.

ಎಲ್ಲ ಮುಗಿದ ಭಾನುವಾರ ಅಮ್ಮನಿಗೆ ಅಂತ ರಾಜ್‌ಕುಮಾರ್ ಅವರ ಹಳೇ ಕಪ್ಪು ಬಿಳುಪು ಸಿನಿಮಾ ಹಾಕಿದೆ. ಹಳೇ ಸಿನಿಮಾ ಅಂದರೆ ಮೊನೊ. ರಿಸೀವರ್ ಪ್ರೊ ಲಾಜಿಕ್ ಮೋಡ್‌ನಲ್ಲಿತ್ತು, ಎರಡು ಚಾನೆಲ್ಲಿನ ಶಬ್ದವನ್ನ ಐದು ಕಡೆಗೆ ಬಿಡಿಸೋ ಮೋಡ್ ಅದು. ಎಡ ಬಲ ಎರಡರಲ್ಲೂ ಒಂದೇ ಶಬ್ದ ಇದ್ದರೆ ಅದು ನಡುವಿನದ್ದು ಅಂತ ಲೆಕ್ಕ ಹಾಕಿ ಎಲ್ಲವನ್ನೂ ಸೆಂಟರಿಗೇ ಕಳಿಸುತ್ತದೆ. ಅಮ್ಮ ಐದು ನಿಮಿಷ ಕೇಳಿದರು, ಎದ್ದು ಒಂದೊಂದೇ ಸ್ಪೀಕರ್ ಹತ್ತಿರ ಹೋಗಿ ಕೈ ಇಟ್ಟು ನೋಡಿದರು, ಆಮೇಲೆ ಕೇಳಿದರು: "ಇದೊಂದೇ ಮಾತಾಡೋದಾದ್ರೆ ಉಳಿದ ನಾಲ್ಕಕ್ಕೆ ಯಾಕಪ್ಪಾ ದುಡ್ಡು ಸುರಿದೆ?"

ರಿಮೋಟ್‌ನಲ್ಲಿ ಆಲ್ ಚಾನೆಲ್ ಸ್ಟೀರಿಯೊ ಅಂತ ಒಂದು ಬಟನ್ ಇದೆ. ಒಂದೇ ಶಬ್ದವನ್ನ ಐದಕ್ಕೂ ಹಂಚುತ್ತದೆ, ಥೇಟ್ ಹಳೆ ಬಾರ್ ಮಾಡುತ್ತಿದ್ದ ಹಾಗೇ. ಒತ್ತಿದೆ. ಹಾಡು ನಾಲ್ಕೂ ಗೋಡೆಯಿಂದ ಬಂತು, ಅಮ್ಮ "ಹಾಂ, ಈಗ ಸರಿಯಾಯ್ತು" ಅಂದರು. ಆ ಬಟನ್ ಮೇಲೆ ಈಗ ಅವರೇ ಒಂದು ಕೆಂಪು ಬಿಂದಿ ಅಂಟಿಸಿದ್ದಾರೆ.